ಫೋರ್ ವೀಲ್ ಹಾಕದಿದ್ದರೂ ಸವೆಯುವ ಪೆಟ್ಟಿಗೆ

ನಮ್ಮ ಮನೆಯ ಹಳೆ ಜೀಪಿನ ಹ್ಯಾಂಡ್ ಬ್ರೇಕ್ ಒಂದು ಮಳೆಗಾಲದಲ್ಲಿ ಹಿಡಿಯುವುದನ್ನೇ ಬಿಟ್ಟಿತು. ತೋಟದ ಇಳಿಜಾರಿನಲ್ಲಿ ನಿಲ್ಲಿಸಿ ಲಿವರ್ ಎಳೆದರೂ ಜೀಪು ಮೆಲ್ಲಗೆ ಜಾರುತ್ತಿತ್ತು. ಪೇಟೆಯ ಗ್ಯಾರೇಜಿನಲ್ಲಿ ಹೊಸ ಲೈನರ್, ಅಂದರೆ ಡ್ರಮ್ಮಿಗೆ ಉಜ್ಜಿ ಹಿಡಿಯುವ ಪಟ್ಟಿ, ಹಾಕಿಸಿದೆವು. ಎರಡು ತಿಂಗಳಿಗೆ ಮತ್ತೆ ಅದೇ ಕತೆ. ಮತ್ತೆ ಲೈನರ್. ಮೂರನೇ ಸಲ ಊರಿನ ಹಳೆ ಮೇಸ್ತ್ರಿಯೊಬ್ಬರು ಡ್ರಮ್ ಬಿಚ್ಚಿ, ಒಳಗೆ ಬೆರಳು ಸವರಿ, ಕಪ್ಪು ಎಣ್ಣೆ ತೋರಿಸಿದರು. ಆಮೇಲೆ ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನು ಬಿಗಿಯುವ ಲೋಹದ ಬಿಲ್ಲೆ, ಅಂದರೆ ಫ್ಲೇಂಜ್, ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರು. ಟಕ್ ಟಕ್ ಅಂತ ಸದ್ದು ಬಂತು.

"ಬ್ರೇಕಿಗೆ ಏನೂ ಆಗಿಲ್ಲ ಗೌಡ್ರೇ, ಟ್ರಾನ್ಸ್‌ಫರ್ ಕೇಸಿನ ಒಳಗೆ ಬೇರಿಂಗ್ ಹೋಗಿದೆ" ಅಂದರು.

ಅಪ್ಪನಿಗೆ ನಂಬಿಕೆ ಬರಲಿಲ್ಲ. "ನಾವು ಫೋರ್ ವೀಲ್ ಹಾಕೋದೇ ವರ್ಷಕ್ಕೆ ನಾಲ್ಕು ಸಲ. ಅದು ಹೇಗೆ ಹೋಗುತ್ತೆ ಮೇಸ್ತ್ರಿ?" ಅಂತ ಕೇಳಿದರು.

ಹಳೆ ಜೀಪು ಇಟ್ಟುಕೊಂಡಿರುವ ಬಹಳ ಜನ ಇದೇ ಪ್ರಶ್ನೆ ಕೇಳುತ್ತಾರೆ. ಉತ್ತರ ಆ ಪೆಟ್ಟಿಗೆಯೊಳಗಿನ ಗೇರುಗಳ ಜೋಡಣೆಯಲ್ಲಿದೆ. ಅದು ಅರ್ಥವಾದರೆ ಸದ್ದು, ಸೋರಿಕೆ, ಗೇರ್ ಹಾರುವುದು ಎಲ್ಲಕ್ಕೂ ಕಾರಣ ತಾನಾಗಿ ತಿಳಿಯುತ್ತದೆ.

ಟ್ರಾನ್ಸ್‌ಫರ್ ಕೇಸ್ ಅಂದರೆ ಗೇರ್ ಬಾಕ್ಸಿನ ಬೆನ್ನಿಗೆ ಅಂಟಿಕೊಂಡಿರುವ ಇನ್ನೊಂದು ಸಣ್ಣ ಗೇರ್ ಬಾಕ್ಸ್. ಎಂಜಿನ್ನಿನಿಂದ ಬಂದ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಮಾತ್ರ ಕೊಡಬೇಕೋ, ಮುಂದಿನವಕ್ಕೂ ಹಂಚಬೇಕೋ ಅನ್ನುವುದು ಇಲ್ಲಿ ತೀರ್ಮಾನವಾಗುತ್ತದೆ. ಮಾಮೂಲು ಓಟದ ಹೈ, ಜಾಸ್ತಿ ಎಳೆತದ ಲೋ ಇರುವುದೂ ಇಲ್ಲೇ. 1941ರಿಂದ ಯುದ್ಧಕಾಲದ ವಿಲ್ಲೀಸ್ ಜೀಪಿನಲ್ಲಿ ಕೂತಿದ್ದು ಸ್ಪೈಸರ್ 18 ಅನ್ನುವ ಕೇಸ್. ಅಮೆರಿಕದಲ್ಲಿ ಜನಸಾಮಾನ್ಯರಿಗೆ ಮಾರಿದ ಸಿಜೆ ಜೀಪುಗಳಲ್ಲಿ ಅದು 1971ರವರೆಗೂ ಇತ್ತು. ನಮ್ಮ ದೇಶದಲ್ಲಿ ಮಹೀಂದ್ರ ಕಂಪನಿ ವಿಲ್ಲೀಸ್ ಜೀಪನ್ನೇ ಜೋಡಿಸುತ್ತಾ ಶುರು ಮಾಡಿದ್ದರಿಂದ ಸಿಜೆ-3ಬಿ ಮತ್ತು ಅದರ ವಂಶದ ಜೀಪುಗಳಿಗೂ ಅದೇ ವಿನ್ಯಾಸ ಬಂತು. ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ತೋಟಗಳಲ್ಲಿ ಇವತ್ತಿಗೂ ಓಡುವ ಎಷ್ಟೋ ಹಳೆ ಜೀಪುಗಳ ಹೊಟ್ಟೆಯಲ್ಲಿ ಇರುವುದು ಈ ಜಾತಿಯ ಕೇಸೇ. ಅದಕ್ಕೇ ನಾನು ಇಲ್ಲಿ ಇದನ್ನೇ ಹಿಡಿದು ಹೇಳುತ್ತೇನೆ.

ಇದರೊಳಗೆ ಮೂರು ಸಾಲು ಗೇರುಗಳಿವೆ ಅಂದುಕೊಳ್ಳಿ. ಗೇರ್ ಬಾಕ್ಸಿನ ಮೇನ್ ಶಾಫ್ಟ್ ಉದ್ದಕ್ಕೆ ಚಾಚಿ ಕೇಸಿನೊಳಗೆ ಬರುತ್ತದೆ. ಅದರ ತುದಿಯಲ್ಲಿ ಒಂದು ಗೇರು. ಅದು ನಡುವಿನ ಒಂದು ಜೋಡಿ ಗೇರನ್ನು ತಿರುಗಿಸುತ್ತದೆ. ಇದಕ್ಕೆ ಇಂಟರ್‌ಮೀಡಿಯೆಟ್ ಗೇರ್ ಅನ್ನುತ್ತಾರೆ. ಆ ನಡುವಿನ ಗೇರು ಔಟ್‌ಪುಟ್ ಶಾಫ್ಟಿನ ಗೇರನ್ನು ತಿರುಗಿಸುತ್ತದೆ. ಔಟ್‌ಪುಟ್ ಶಾಫ್ಟ್ ಗೇರ್ ಬಾಕ್ಸಿನ ನೇರಕ್ಕೆ ಇಲ್ಲ, ಒಂದು ಬದಿಗೆ ಸರಿದು ಕೂತಿದೆ. ಹಾಗಾಗಿ ಎಂಜಿನ್ನಿನ ಶಕ್ತಿ ಹಿಂದಿನ ಚಕ್ರಕ್ಕೆ ಹೋಗಲು ಬೇರೆ ದಾರಿಯೇ ಇಲ್ಲ. ಟಾರ್ ರೋಡಿನಲ್ಲಿ ಟಾಪ್ ಗೇರಿನಲ್ಲಿ ಸುಮ್ನೆ ಹೋಗುತ್ತಿದ್ದರೂ ಪೂರ್ತಿ ಭಾರ ಆ ನಡುವಿನ ಗೇರಿನ ಮೇಲೆಯೇ ಹಾದು ಹೋಗಬೇಕು. ಫೋರ್ ವೀಲ್ ಲಿವರ್ ಮಾಡುವುದು ಮುಂದಿನ ಶಾಫ್ಟನ್ನು ಇದಕ್ಕೆ ಸೇರಿಸುವ ಕೆಲಸ ಮಾತ್ರ. ಮುಂದಿನ ಶಾಫ್ಟ್ ಸುಮ್ಮನಿದ್ದರೂ ಉಳಿದದ್ದೆಲ್ಲ ದುಡಿಯುತ್ತಲೇ ಇರುತ್ತದೆ.

ಅಪ್ಪನ ಪ್ರಶ್ನೆಗೆ ಉತ್ತರ ಇಷ್ಟೇ. ಜೀಪು ಎಷ್ಟು ಕಿಲೋಮೀಟರ್ ಓಡಿದೆಯೋ ಟ್ರಾನ್ಸ್‌ಫರ್ ಕೇಸೂ ಅಷ್ಟೇ ಓಡಿದೆ.

ನಡುವಿನ ಗೇರು ಕೂತಿರುವುದು ಒಂದು ನಿಂತ ಶಾಫ್ಟಿನ ಮೇಲೆ. ಶಾಫ್ಟ್ ತಿರುಗುವುದಿಲ್ಲ, ಗೇರು ಮಾತ್ರ ತಿರುಗುತ್ತದೆ. ಎರಡರ ನಡುವೆ ಸೂಜಿಯಂಥ ಸಣ್ಣ ರೋಲರುಗಳು, ಅಂದರೆ ನೀಡಲ್ ಬೇರಿಂಗ್. ಎರಡೂ ಬದಿಗೆ ಗೇರು ಪಕ್ಕಕ್ಕೆ ಸರಿಯದಂತೆ ತಡೆಯುವ ಬಿಲ್ಲೆ, ಅಂದರೆ ಥ್ರಸ್ಟ್ ವಾಷರ್. ಈ ಕೇಸಿನ ಅತಿ ಬಡಪಾಯಿ ಜಾಗ ಇದೇ. ವಿನ್ಯಾಸ ಮಾಡಿದವರಿಗೂ ಇದು ಗೊತ್ತಾಗಿತ್ತು. ಯುದ್ಧಕಾಲದ ಜೀಪಿನಲ್ಲಿ ಈ ಶಾಫ್ಟ್ ಮುಕ್ಕಾಲು ಇಂಚು ದಪ್ಪ ಇತ್ತು. ಆಮೇಲೆ ಅದನ್ನು ದಪ್ಪ ಮಾಡಿ ಒಂದೂಕಾಲಿಂಚಿನ ಹತ್ತಿರಕ್ಕೆ ತಂದರು, ಕೊನೆಗೆ ಪೂರ್ತಿ ಒಂದೂಕಾಲಿಂಚಿಗೆ ಏರಿಸಿದರು. ಬಿಡಿಭಾಗ ತರುವಾಗ ಈ ಕತೆ ನೆನಪಿರಲಿ. ಹಳೆ ಶಾಫ್ಟ್ ಜೊತೆಗೇ ಒಯ್ದು, ವರ್ನಿಯರ್ ಇಟ್ಟು ಅಳೆದು ತರಬೇಕು. ಮಾಡೆಲ್ ಹೆಸರು ಹೇಳಿ ತಂದರೆ ಅಳತೆ ತಪ್ಪುವ ಸಾಧ್ಯತೆ ಜಾಸ್ತಿ. ಐವತ್ತು ವರ್ಷದ ಜೀಪಿನಲ್ಲಿ ಯಾವ ಕಾಲದ ಕೇಸ್ ಕೂತಿದೆ ಅಂತ ಹೊರಗಿನಿಂದ ಹೇಳುವುದು ಕಷ್ಟ.

ಎರಡನೆಯ ಜಾಗ ಔಟ್‌ಪುಟ್ ಶಾಫ್ಟಿನ ಎರಡು ಟೇಪರ್ ಬೇರಿಂಗ್. ಅವು ಸವೆದಾಗ ಶಾಫ್ಟ್ ಹಿಂದೆ ಮುಂದೆ ಆಡಲು ಶುರು ಮಾಡುತ್ತದೆ. ನಮ್ಮ ಹ್ಯಾಂಡ್ ಬ್ರೇಕಿನ ಕತೆ ಹುಟ್ಟಿದ್ದು ಇಲ್ಲಿಂದ. ಈ ಹಳೆ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರದಲ್ಲಿ ಇರುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಭಾಗದಲ್ಲಿ ಒಂದು ಡ್ರಮ್ಮಿನೊಳಗೆ ಇರುತ್ತದೆ. ಶಾಫ್ಟ್ ಓಲಾಡಿದರೆ ಆಯಿಲ್ ಸೀಲಿನ ತುಟಿ ಅದರ ಹಿಂದೆ ಹಿಂದೆ ಓಡಲಾರದು. ಎಣ್ಣೆ ಸೋರುತ್ತದೆ. ಸೋರಿದ ಎಣ್ಣೆ ನೇರ ಲೈನರಿಗೆ. ಲೈನರ್ ಬದಲಿಸಿದರೆ ಎರಡು ತಿಂಗಳು, ಸೀಲ್ ಬದಲಿಸಿದರೆ ಆರು ತಿಂಗಳು. ಬೇರಿಂಗ್ ಸರಿಮಾಡಿದರೆ ಮಾತ್ರ ಕೆಲಸ ಮುಗಿಯುತ್ತದೆ. ನಾವು ಮೊದಲ ಎರಡು ಸಲ ದುಡ್ಡು ಕೊಟ್ಟಿದ್ದು ಲಕ್ಷಣಕ್ಕೆ, ಕಾಯಿಲೆಗಲ್ಲ.

ಮೂರನೆಯದು ಮೇನ್ ಶಾಫ್ಟಿನ ತುದಿಯ ನಟ್. ಆ ತುದಿಯ ಗೇರನ್ನು ಹಿಡಿದಿಡುವುದು ಇದೇ. ಇದಕ್ಕೆ ಸ್ಪ್ಲಿಟ್ ಪಿನ್ ಇರುತ್ತದೆ. ಯಾರೋ ಹಿಂದೆ ಬಿಚ್ಚಿದವರು ಪಿನ್ ಹಾಕದೆ ಬಿಟ್ಟಿದ್ದರೆ ನಟ್ ನಿಧಾನವಾಗಿ ಸಡಿಲವಾಗುತ್ತದೆ. ಗೇರು ಶಾಫ್ಟಿನ ಮೈಮೇಲಿನ ಉದ್ದ ಹಲ್ಲುಗಳ, ಅಂದರೆ ಸ್ಪ್ಲೈನಿನ, ಮೇಲೆ ಕುಟ್ಟುತ್ತಾ ಎರಡನ್ನೂ ತಿನ್ನುತ್ತದೆ. ಒಂದು ಪಿನ್ನಿನ ಬೆಲೆ ಎಷ್ಟು, ಮೇನ್ ಶಾಫ್ಟಿನ ಬೆಲೆ ಎಷ್ಟು! ಇದನ್ನು ನೋಡಲು ಕೇಸ್ ಇಳಿಸಬೇಕಿಲ್ಲ. ಹಿಂದುಗಡೆ, ಮೇನ್ ಶಾಫ್ಟಿನ ನೇರಕ್ಕೆ, ಒಂದು ಮುಚ್ಚಳ ಇದೆ. ಹಿಂದೆ ಪಂಪು, ಕಟಾವು ಯಂತ್ರ ಓಡಿಸಲು ಎಂಜಿನ್ನಿನ ಶಕ್ತಿ ಹೊರಗೆ ಕೊಡುವ ಪಿಟಿಒ ಜೋಡಿಸುತ್ತಿದ್ದ ಜಾಗ ಅದು. ಬೋಲ್ಟ್ ತೆಗೆದು ಟಾರ್ಚ್ ಬಿಟ್ಟರೆ ನಟ್, ಪಿನ್, ಗೇರು ಎಲ್ಲ ಕಾಣುತ್ತದೆ. ಹಳೆ ಜೀಪು ಕೊಳ್ಳುವವರು ಬಣ್ಣ ನೋಡುವ ಮೊದಲು ಈ ಮುಚ್ಚಳ ತೆಗೆಸಿ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಹಾಗಂತ ಫೋರ್ ವೀಲ್ ಹಾಕುವುದರಿಂದ ಏನೂ ಆಗುವುದಿಲ್ಲ ಅಂತಲ್ಲ. ಎಲ್ಲಿ ಹಾಕುತ್ತೇವೆ ಅನ್ನುವುದು ಮುಖ್ಯ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಉದ್ದದ ದಾರಿ ಹೋಗುತ್ತವೆ. ಸಣ್ಣ ಜೀಪಿನ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ಸುಮಾರು 2 ಮೀಟರ್ ಅಂತರ. ಹಿಂದಿನ ಆಕ್ಸಲ್ಲಿನ ಮಧ್ಯ 5 ಮೀಟರ್ ತ್ರಿಜ್ಯದಲ್ಲಿ ಅರ್ಧ ಸುತ್ತು ತಿರುಗಿದರೆ 15.7 ಮೀಟರ್ ಹೋಗುತ್ತದೆ. ಅದೇ ಹೊತ್ತಿಗೆ ಮುಂದಿನದು 16.9 ಮೀಟರ್ ಹೋಗಬೇಕು. ಒಂದೇ ತಿರುವಿಗೆ 1.2 ಮೀಟರ್ ವ್ಯತ್ಯಾಸ! ಆದರೆ ಫೋರ್ ವೀಲ್ ಹಾಕಿದಾಗ ಕೇಸ್ ಎರಡೂ ಶಾಫ್ಟನ್ನು ಒಂದೇ ವೇಗದಲ್ಲಿ ತಿರುಗಿಸುತ್ತದೆ. ನಡುವೆ ವೇಗದ ವ್ಯತ್ಯಾಸ ಹೊಂದಿಸುವ ಡಿಫರೆನ್ಷಿಯಲ್ ಇಲ್ಲ. ಕೆಸರಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸ ಕರಗಿಹೋಗುತ್ತದೆ. ಒಣ ಟಾರಿನಲ್ಲಿ, ಕಾಂಕ್ರೀಟಿನಲ್ಲಿ ಚಕ್ರ ಜಾರುವುದಿಲ್ಲ. ಆಗ ಶಾಫ್ಟುಗಳು ಹಗ್ಗ ಹುರಿ ಹಾಕಿದಂತೆ ತಿರುಚಿಕೊಳ್ಳುತ್ತವೆ. ಆ ಒತ್ತಡವೆಲ್ಲ ಕೇಸಿನ ಹಲ್ಲು ಮತ್ತು ಬೇರಿಂಗಿನ ಮೇಲೆ.

ಈಗ ತೋಟದ ಒಳದಾರಿಗಳಿಗೂ ಕಾಂಕ್ರೀಟ್ ಬಂದಿದೆ. ಮೊದಲು ಮಣ್ಣಿನ ದಾರಿಯಲ್ಲಿ ಮಾಡುತ್ತಿದ್ದ ಅಭ್ಯಾಸವನ್ನೇ ಕಾಂಕ್ರೀಟಿನ ಏರಿನಲ್ಲೂ ಮಾಡುತ್ತಾರೆ. ಇನ್ನೊಂದು ತೊಡಕೂ ಇದೆ. ಈ ಕೇಸಿನಲ್ಲಿ ಫೋರ್ ವೀಲ್ ಹಾಕದೆ ಲೋ ಬೀಳದಂತೆ ತಡೆ ಇಟ್ಟಿದ್ದಾರೆ. ಲೋದಲ್ಲಿ ಬರುವ ಎಳೆತ ಪೂರ್ತಿ ಹಿಂದಿನ ಆಕ್ಸಲ್ ಒಂದರ ಮೇಲೆ ಬೀಳಬಾರದು ಅಂತ. ಕೆಲವರು ಈ ತಡೆಯನ್ನೇ ತೆಗೆಸುತ್ತಾರೆ. ಭಾರ ಹೊತ್ತ ಜೀಪಿನಲ್ಲಿ ಅದು ಹಿಂದಿನ ಆಕ್ಸಲ್ ಮುರಿಯುವ ದಾರಿ, ದಯವಿಟ್ಟು ಬೇಡ. ಕಡಿದಾದ ಕಾಂಕ್ರೀಟ್ ಏರಿಗೆ ಲೋ ಬೇಕೇ ಬೇಕಾದರೆ ನೇರ ಭಾಗದಲ್ಲಿ ಬಳಸಿ, ಹೇರ್‌ಪಿನ್ ತಿರುವಿಗೆ ಮುಂಚೆ ತೆಗೆಯಿರಿ. ತೆಗೆಯಲು ಹೋದಾಗ ಲಿವರ್ ಬಿಗಿಹಿಡಿದಿದ್ದರೆ ಅದನ್ನು ಜಗ್ಗಬೇಡಿ. ಶಾಫ್ಟುಗಳು ತಿರುಚಿಕೊಂಡಿವೆ ಅಂತ ಅರ್ಥ. ಸುರಕ್ಷಿತ ಜಾಗದಲ್ಲಿ ನೇರವಾಗಿ ನಾಲ್ಕೈದು ಮೀಟರ್ ರಿವರ್ಸ್ ಹೋದರೆ ಹುರಿ ಬಿಚ್ಚಿ ಲಿವರ್ ತಾನೇ ಬರುತ್ತದೆ.

ಟೈರೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಮುಂದೆ ಸವೆದ ಟೈರು, ಹಿಂದೆ ಹೊಸದು ಹಾಕಿದ್ದೀರಿ ಅನ್ನಿ. ತ್ರಿಜ್ಯದಲ್ಲಿ 1 ಸೆಂಟಿಮೀಟರ್ ವ್ಯತ್ಯಾಸ ಇದ್ದರೂ ಪ್ರತಿ ಸುತ್ತಿಗೆ 6 ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬೀಳುತ್ತದೆ. ನೇರ ದಾರಿಯಲ್ಲೂ ಶಾಫ್ಟ್ ತಿರುಚಿಕೊಳ್ಳುತ್ತದೆ.

ಇನ್ನು ನೀರು. ಮಲೆನಾಡಿನಲ್ಲಿ ಕೇಸನ್ನು ಕೊಲ್ಲುವುದು ಕಿಲೋಮೀಟರಿಗಿಂತ ಜಾಸ್ತಿ ಹಳ್ಳ. ಘಾಟಿ ಹತ್ತಿ ಬಂದ ಜೀಪಿನ ಕೇಸ್ ಕೈ ಇಡಲಾಗದಷ್ಟು ಬಿಸಿಯಾಗಿರುತ್ತದೆ. ಹಾಗೇ ತಣ್ಣನೆ ಹಳ್ಳಕ್ಕೆ ಇಳಿಸಿದರೆ ಒಳಗಿನ ಗಾಳಿ ಒಮ್ಮೆಲೇ ಕುಗ್ಗುತ್ತದೆ. ಹೊರಗಿನಿಂದ ಗಾಳಿ ಎಳೆದುಕೊಳ್ಳಲು ಬ್ರೀದರ್ ಅನ್ನುವ ಸಣ್ಣ ತೂತು ಇರುತ್ತದೆ. ಅದಕ್ಕೆ ಕೆಸರು ಮೆತ್ತಿದ್ದರೆ ಕೇಸ್ ಸೀಲಿನ ತುಟಿಯಿಂದಲೇ ನೀರು ಹೀರುತ್ತದೆ. ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಅಂಥ ಎಣ್ಣೆಯಲ್ಲಿ ಓಡಿದ ನೀಡಲ್ ಬೇರಿಂಗ್ ಹೆಚ್ಚು ದಿನ ಬಾಳುವುದಿಲ್ಲ. ಜೀಪು ವಾರಗಟ್ಟಲೆ ನಿಂತರೆ ಸೂಜಿಗಳಿಗೆ ತುಕ್ಕೂ ಹಿಡಿಯುತ್ತದೆ. ಪರಿಹಾರ ಸುಲಭ. ಬ್ರೀದರ್ ಸ್ವಚ್ಛ ಮಾಡಿ, ಅದಕ್ಕೊಂದು ರಬ್ಬರ್ ಪೈಪ್ ಸಿಕ್ಕಿಸಿ ಎತ್ತರಕ್ಕೆ ಒಯ್ದು ಕಟ್ಟಿ. ಹಳ್ಳಕ್ಕೆ ಇಳಿಯುವ ಮುಂಚೆ ಐದು ಹತ್ತು ನಿಮಿಷ ನಿಲ್ಲಿಸಿ ಆರಲು ಬಿಡಿ.

ಈಗ ಪರೀಕ್ಷೆಗೆ ಬರೋಣ. ನನ್ನ ಪ್ರಕಾರ ಕೇಸ್ ಬಿಚ್ಚುವ ಮೊದಲಿನ ಒಂದು ಗಂಟೆ, ಬಿಚ್ಚಿದ ಮೇಲಿನ ಎರಡು ದಿನಕ್ಕಿಂತ ಮುಖ್ಯ.

ಮೊದಲು ಕಿವಿ. ಟಾಪ್ ಗೇರಿನಲ್ಲಿ ಹೋಗಿ ನೋಡಿ. ಈ ಜೀಪುಗಳ ಗೇರ್ ಬಾಕ್ಸಿನಲ್ಲಿ ಟಾಪ್ ಅಂದರೆ ನೇರ ದಾರಿ, ಅದರ ಗೇರುಗಳ ಮೇಲೆ ಭಾರ ಇರುವುದಿಲ್ಲ. ಆಗಲೂ ಕೂಗು ಬರುತ್ತಿದ್ದರೆ ಅದು ಹೆಚ್ಚಾಗಿ ಗೇರ್ ಬಾಕ್ಸಿನದಲ್ಲ. ಟ್ರಾನ್ಸ್‌ಫರ್ ಕೇಸಿನದು ಅಥವಾ ಹಿಂದಿನ ಡಿಫರೆನ್ಷಿಯಲ್ಲಿನದು. ಇವೆರಡನ್ನು ಬೇರೆ ಮಾಡಲು ಒಂದು ಚೆನ್ನಾದ ಉಪಾಯ ಇದೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಗಳ ಎರಡೂ ಬದಿಗೆ ಕಲ್ಲು ಕೊಡಿ. ಟ್ರಾನ್ಸ್‌ಫರ್ ಲಿವರನ್ನು ನ್ಯೂಟ್ರಲ್‌ಗೆ ತನ್ನಿ. ಎಂಜಿನ್ ಓಡಿಸಿ, ಗೇರ್ ಬಾಕ್ಸನ್ನು ಟಾಪಿಗೆ ಹಾಕಿ ಕ್ಲಚ್ ಬಿಡಿ. ಜೀಪು ನಿಂತೇ ಇರುತ್ತದೆ. ಆದರೆ ಕೇಸಿನೊಳಗೆ ಮೇನ್ ಶಾಫ್ಟಿನ ಗೇರು ಮತ್ತು ನಡುವಿನ ಗೇರು ತಿರುಗುತ್ತಿರುತ್ತವೆ. ಈಗ ಗರಗರ ಸದ್ದು ಕೇಳಿದರೆ ನಡುವಿನ ನೀಡಲ್ ಬೇರಿಂಗ್ ಮೇಲೆ ಅನುಮಾನ ಪಡಿ. ಕಲ್ಲು ಕೊಡದೆ ಮಾತ್ರ ಇದನ್ನು ಮಾಡಬೇಡಿ. ಟ್ರಾನ್ಸ್‌ಫರ್ ನ್ಯೂಟ್ರಲ್‌ನಲ್ಲಿ ಇದ್ದಾಗ ಜೀಪನ್ನು ಗೇರಿನಲ್ಲಿ ನಿಲ್ಲಿಸಿದರೂ ಅದು ಉರುಳುತ್ತದೆ. ತೋಟದ ಇಳಿಜಾರಿನಲ್ಲಿ ಇದು ಜೀವಕ್ಕೇ ಕುತ್ತು.

ಹಳೆ ಕೇಸುಗಳಿಗೆ ಸ್ವಲ್ಪ ಕೂಗು ಹುಟ್ಟುಗುಣ. ಮೂರು ಗೇರು ಯಾವಾಗಲೂ ಉಜ್ಜುತ್ತಿರುವಾಗ ಮೌನ ಎಲ್ಲಿಂದ ಬರಬೇಕು ಹೇಳಿ. ಹಾಗಾಗಿ ಸದ್ದು ಇದೆಯೇ ಅಂತ ಕೇಳಬೇಡಿ, ಬದಲಾಗಿದೆಯೇ ಅಂತ ಕೇಳಿ. ದಿನಾ ಓಡಿಸುವವರ ಕಿವಿಗೆ ಇದು ಯಾವ ಮೆಕ್ಯಾನಿಕ್‌ಗಿಂತ ಮುಂಚೆ ಗೊತ್ತಾಗುತ್ತದೆ.

ಆಮೇಲೆ ಕೈ. ಹಿಂದಿನ ಫ್ಲೇಂಜ್ ಹಿಡಿದು ಮೇಲೆ ಕೆಳಗೆ ಎತ್ತಿ ನೋಡಿ. ಕಣ್ಣಿಗೆ ಕಾಣುವಷ್ಟು ಅಲ್ಲಾಡಿದರೆ ಬೇರಿಂಗ್ ಹೋಗಿದೆ. ಹಿಂದೆ ಮುಂದೆ ತಳ್ಳಿದಾಗಿನ ಸಡಿಲು, ಅಂದರೆ ಪ್ಲೇ, 0.10ರಿಂದ 0.20 ಮಿಲಿಮೀಟರ್ ಒಳಗೆ ಇರಬೇಕು. ಇದನ್ನು ಡಯಲ್ ಗೇಜ್ ಇಟ್ಟೇ ಅಳೆಯಬೇಕು. ಕೈಗೆ ಸ್ಪಷ್ಟವಾಗಿ ಸಿಗುವಷ್ಟು ಇದ್ದರೆ ಅದು ಜಾಸ್ತಿಯೇ. ಶಾಫ್ಟನ್ನು ತಿರುಚಿ ನೋಡಿದಾಗ ಸಿಗುವ ಪ್ಲೇಗೆ ಗಾಬರಿಯಾಗಬೇಡಿ. ಅದು ಹತ್ತು ಕಡೆಯ ಸಣ್ಣ ಸಣ್ಣ ಸಡಿಲು ಸೇರಿದ ಮೊತ್ತ. ಎಷ್ಟೋ ಸಲ ಕೇಸಿನಿಂದ ಆಕ್ಸಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಕೀಲು, ಅಂದರೆ ಕ್ರಾಸ್, ಸವೆದಿರುತ್ತದೆ, ಬೈಗುಳ ಕೇಸಿಗೆ ಬೀಳುತ್ತದೆ.

ಕೊನೆಗೆ ಎಣ್ಣೆ. ಡ್ರೈನ್ ಪ್ಲಗ್ ಬಿಚ್ಚಿ, ಬಿಳಿ ಬಟ್ಟೆಯ ಮೇಲೆ ಸೋಸಿ. ಬೂದು ಬಣ್ಣದ ನುಣ್ಣನೆ ಪುಡಿ ವಯಸ್ಸಿನ ಸವೆತ, ಅದಿರಲಿ. ಹಿತ್ತಾಳೆಯಂತೆ ಹೊಳೆಯುವ ಪುಡಿ ಥ್ರಸ್ಟ್ ವಾಷರಿನದು ಇರಬಹುದು. ಚಕ್ಕೆ ಬಂದರೆ ಹಲ್ಲು ಅಥವಾ ಬೇರಿಂಗಿನ ಮೈ ಎದ್ದಿದೆ. ಒಂದೇ ಒಂದು ಸೂಜಿ ರೋಲರ್ ಸಿಕ್ಕಿದರೂ ಜೀಪನ್ನು ಅಲ್ಲೇ ನಿಲ್ಲಿಸಿ.

ಗೇರ್ ಹಾರುವುದು ಬೇರೆಯೇ ದೂರು. ಇಳಿಜಾರಿನಲ್ಲಿ ಎಂಜಿನ್ ಹಿಡಿತದಲ್ಲಿ ಬರುವಾಗ ಲೋದಿಂದ ಹಾರಿ ನ್ಯೂಟ್ರಲ್‌ಗೆ ಬಿದ್ದರೆ ಎದೆ ಝಲ್ಲೆನ್ನುತ್ತದೆ. ಇದಕ್ಕೆ ಒಳಗಿನ ಕಾರಣಗಳು ಮೂರು. ಲಿವರ್ ಸರಿಸುವ ಸರಳು, ಅಂದರೆ ರೇಲ್, ಹಿಡಿದಿಡುವ ಗುಂಡು ಮತ್ತು ಸ್ಪ್ರಿಂಗ್ ಸೋತಿರಬಹುದು, ಗೇರನ್ನು ತಳ್ಳುವ ಫೋರ್ಕ್ ಸವೆದಿರಬಹುದು, ಇಲ್ಲವೇ ಹಲ್ಲಿನ ತುದಿ ದುಂಡಗಾಗಿರಬಹುದು. ಬಿಚ್ಚುವ ಮೊದಲು ಲಿವರ್ ನೆಲದ ತಗಡಿಗೆ ತಾಗುತ್ತಿದೆಯೇ ನೋಡಿ. ಮೌಂಟಿನ ರಬ್ಬರ್ ಕುಸಿದು ಎಂಜಿನ್ ತಗ್ಗಿದ್ದರೆ, ದಪ್ಪ ಮ್ಯಾಟ್ ಹಾಸಿದ್ದರೆ, ಲಿವರ್ ಪೂರ್ತಿ ಒಳಗೆ ಹೋಗುವುದೇ ಇಲ್ಲ. ಅರ್ಧ ಕೂತ ಗೇರು ಹಾರದೆ ಏನು ಮಾಡೀತು?

ರಿಪೇರಿಯಲ್ಲಿ ಒಂದು ಮಾತಿಗೆ ನಾನು ಗಟ್ಟಿಯಾಗಿ ನಿಲ್ಲುತ್ತೇನೆ. ನಡುವಿನ ಗೇರಿಗೆ ಕೈ ಹಾಕಿದರೆ ಶಾಫ್ಟ್, ಸೂಜಿ, ಥ್ರಸ್ಟ್ ವಾಷರ್ ಮೂರನ್ನೂ ಒಟ್ಟಿಗೆ ಬದಲಿಸಬೇಕು. ಹಳೆ ಶಾಫ್ಟಿನಲ್ಲಿ ಸೂಜಿಗಳು ಕೊರೆದ ಗೆರೆ ಇರುತ್ತದೆ. ಅದರ ಮೇಲೆ ಹೊಸ ಸೂಜಿ ಹಾಕಿದರೆ ಅವೂ ಬೇಗನೆ ಹಾಳಾಗುತ್ತವೆ. ಗೇರಿನ ಒಳಮೈಯಲ್ಲಿ ಗುಳಿ ಬಿದ್ದಿದ್ದರೆ ಗೇರೂ ಹೋಗಬೇಕು. ಕೇಸಿನಲ್ಲಿ ಶಾಫ್ಟ್ ಕೂರುವ ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಶಾಫ್ಟ್ ಎಷ್ಟು ಹೊಸದಿದ್ದರೂ ಓರೆಯಾಗಿ ಕೂರುತ್ತದೆ, ಅಲ್ಲಿಂದ ಎಣ್ಣೆಯೂ ಜಿನುಗುತ್ತದೆ. ಆಗ ಒಳ್ಳೆ ಲೇತ್ ಶಾಪಿನಲ್ಲಿ ಎರಡೂ ತೂತು ಒಂದೇ ನೇರಕ್ಕೆ ಬರುವಂತೆ ಬೋರ್ ಮಾಡಿಸಿ ಬುಷ್ ಹಾಕಿಸಬೇಕು. ವೆಲ್ಡಿಂಗ್ ತುಂಬಿಸಿ ಫೈಲ್ ಉಜ್ಜಿಸುವುದು ಬೇಡ. ಅಷ್ಟು ಹಾಳಾಗಿದ್ದರೆ ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಒಳ್ಳೆಯ ಹಳೆ ಕೇಸ್ ಹುಡುಕುವುದೇ ವಾಸಿ.

ಔಟ್‌ಪುಟ್ ಶಾಫ್ಟಿನ ಪ್ಲೇ ಸರಿಮಾಡುವುದು ಹಿಂದಿನ ಮುಚ್ಚಳದ ಕೆಳಗಿನ ಶಿಮ್‌ಗಳಿಂದ. ಕಾಗದದಷ್ಟು ತೆಳು ಲೋಹದ ಹಾಳೆ ಅವು. ಬಿಚ್ಚುವಾಗ ಕಳೆದುಹೋದರೆ ಅಂದಾಜಿನಲ್ಲಿ ಬಿಗಿಯುವವರಿದ್ದಾರೆ. ಜಾಸ್ತಿ ಬಿಗಿಯಾದರೆ ಬೇರಿಂಗ್ ಸುಡುತ್ತದೆ, ಸಡಿಲವಾದರೆ ಮತ್ತೆ ಸೀಲ್ ಸೋರುತ್ತದೆ. ಸೀಲ್ ಹಾಕುವಾಗ ಫ್ಲೇಂಜಿನ ಕುತ್ತಿಗೆಯ ಮೇಲೆ ಉಗುರು ಎಳೆದು ನೋಡಿ. ಹಳೆ ಸೀಲ್ ಕೊರೆದ ಗೆರೆಗೆ ಉಗುರು ಸಿಕ್ಕಿದರೆ ಹೊಸ ಸೀಲೂ ಅಲ್ಲಿ ಸೋರುತ್ತದೆ. ಅದರ ಮೇಲೆ ತೆಳು ಸ್ಲೀವ್ ಕೂರಿಸಬೇಕು, ಇಲ್ಲವೇ ಫ್ಲೇಂಜ್ ಬದಲಿಸಬೇಕು.

ಎಣ್ಣೆ ವಿಷಯಕ್ಕೆ ಬಂದರೆ, ಈ ಕೇಸಿಗೆ ಹಿಡಿಯುವುದು ಸುಮಾರು ಒಂದೂವರೆ ಲೀಟರ್. 90 ನಂಬರ್ ಅಥವಾ 80 ಡಬ್ಲ್ಯೂ 90 ಗೇರ್ ಆಯಿಲ್. ಫಿಲ್ಲರ್ ತೂತಿಗೆ ಕಿರುಬೆರಳು ಹಾಕಿದರೆ ಅಂಚಿನಲ್ಲೇ ಎಣ್ಣೆ ತಾಗಬೇಕು. ಒಳಗೆ ಹಿತ್ತಾಳೆ, ಕಂಚಿನ ಭಾಗಗಳಿರುವುದರಿಂದ ಜಿಎಲ್-4 ದರ್ಜೆಯದನ್ನೇ ನಾನು ಹಾಕಿಸುತ್ತೇನೆ. ಜಿಎಲ್-5ರಲ್ಲಿರುವ ಗಂಧಕದ ಅಂಶ ಕೆಲವು ಎಣ್ಣೆಗಳಲ್ಲಿ ಹಳದಿ ಲೋಹವನ್ನು ತಿನ್ನುತ್ತದೆ. ಸದ್ದು ಅಡಗಿಸಲು ಗೇರ್ ಆಯಿಲಿಗೆ ಗ್ರೀಸ್ ಬೆರೆಸುವ ಪದ್ಧತಿ ಇದೆ. ಮಾರಲು ಹೊರಟವರು ಜಾಸ್ತಿ ಮಾಡುತ್ತಾರೆ. ಗೇರಿನ ಕೂಗು ಕಡಿಮೆಯಾಗುತ್ತದೆ ನಿಜ. ಆದರೆ ಗ್ರೀಸ್ ಹರಿದು ಸೂಜಿಗಳ ಸಂದಿಗೆ ಹೋಗುವುದಿಲ್ಲ, ಬೇರಿಂಗ್ ಒಣಗಿ ಸಾಯುತ್ತದೆ. ನಾನು ಎಣ್ಣೆ ನೋಡುವುದು ಮಳೆ ಹಿಡಿಯುವ ಮುಂಚೆ ಒಮ್ಮೆ, ಕಾಫಿ ಕೊಯ್ಲಿಗೆ ಮುಂಚೆ ಒಮ್ಮೆ.

ಮಾರುತಿ ಜಿಪ್ಸಿ ಇಟ್ಟುಕೊಂಡವರಿಗೆ ಎರಡು ಮಾತು. ಅದರಲ್ಲಿ ಕೇಸ್ ಗೇರ್ ಬಾಕ್ಸಿಗೆ ಅಂಟಿಲ್ಲ. ನಡುವೆ ಸಣ್ಣ ಶಾಫ್ಟ್ ಇದೆ, ಕೇಸ್ ರಬ್ಬರ್ ಮೌಂಟ್‌ಗಳ ಮೇಲೆ ಬೇರೆಯೇ ಕೂತಿದೆ. ಲಿವರ್ ನಡುಗಿದರೆ, ಕ್ಲಚ್ ಬಿಟ್ಟಾಗ ಧಡ್ ಅಂದರೆ, ಮೊದಲು ಆ ರಬ್ಬರ್ ಸೀಳಿದೆಯೇ ನೋಡಿ. ಇನ್ನು ಚೈನ್ ಇರುವ ಹೊಸ ತಲೆಮಾರಿನ ಕೇಸುಗಳಲ್ಲಿ ಚೈನ್ ಉದ್ದವಾದರೆ ಫೋರ್ ವೀಲಿನಲ್ಲಿ ಭಾರ ಬಿದ್ದಾಗ ಹಲ್ಲು ಹಾರಿ ಕಟ್ ಕಟ್ ಅನ್ನುತ್ತದೆ. ಅವುಗಳಲ್ಲಿ ಬಹಳಷ್ಟಕ್ಕೆ ಹಾಕುವುದು ಎಟಿಎಫ್, ಅಂದರೆ ಆಟೊಮ್ಯಾಟಿಕ್ ಗೇರ್ ಬಾಕ್ಸಿನ ತೆಳುವಾದ ಕೆಂಪು ಎಣ್ಣೆ. ಗೇರ್ ಆಯಿಲ್ ಸುರಿಯುವ ಮುಂಚೆ ಕೈಪಿಡಿ ನೋಡಿ.

ಹಳೆ ಕೇಸ್ ಕಟ್ಟಿ ಮುಗಿಸಿದ ದಿನ ಭಾರ ಹೇರಬೇಡಿ. ಇಪ್ಪತ್ತು ಕಿಲೋಮೀಟರ್ ಸುಮ್ನೆ ಓಡಿಸಿ, ಇಳಿದು ಕೇಸಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಸರಿ. ಹಿಂದಿನ ಬೇರಿಂಗ್ ಜಾಗ ಮಾತ್ರ ಸುಡುತ್ತಿದ್ದರೆ ಶಿಮ್ ಕಡಿಮೆ ಬಿದ್ದಿದೆ, ಮತ್ತೆ ಬಿಚ್ಚಿಸಿ. 500 ಕಿಲೋಮೀಟರ್ ಆದಮೇಲೆ ಎಣ್ಣೆ ಇಳಿಸಿ ಬಟ್ಟೆಯ ಮೇಲೆ ಸೋಸಿ ನೋಡಿ. ನುಣ್ಣನೆ ಬೂದು ಪುಡಿ ಕಂಡರೆ ಹೊಸ ಭಾಗಗಳು ಕೂರುವಾಗ ಬಂದದ್ದು, ಹೊಸ ಎಣ್ಣೆ ತುಂಬಿ ಕೆಲಸಕ್ಕೆ ಹಚ್ಚಿ. ಚಕ್ಕೆ ಕಂಡರೆ ಅವತ್ತೇ ಮೇಸ್ತ್ರಿಯನ್ನು ಕರೆಸಿ ಕೆಳಗಿನ ತಟ್ಟೆ ಬಿಚ್ಚಿಸಿ.